ತಳಿ ಸಂಘದಿಂದ ರಾಷ್ಟ್ರೀಯ ಅಶ್ವ ಸಮಿತಿಗೆ ಪ್ರತಿನಿಧಿಯನ್ನು ಆರಿಸಿ ಕಳಿಸುವ ಕ್ರಮ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕುದುರೆ ಸಾಕಣೆದಾರರು ಒಂದೆಡೆ ಸೇರಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ‘ನಮ್ಮ ಸಂಘದಿಂದ ರಾಷ್ಟ್ರಮಟ್ಟದ ಸಮಿತಿಗೆ ಒಬ್ಬರನ್ನು ಕಳಿಸಬೇಕು; ಯಾರನ್ನು ಆರಿಸಬೇಕು, ಯಾರಿಗೆ ಬರೆಯಬೇಕು?’ ಹವ್ಯಾಸಕ್ಕೆಂದು ಮಾರ್ವಾರಿ ಕುದುರೆ ತಂದು ಕಟ್ಟಿದವರೂ ಇದನ್ನು ಕೇಳುತ್ತಾರೆ, ಮದುವೆ ಮೆರವಣಿಗೆಗೆ ಕುದುರೆ ಬಿಡುವವರೂ ಕೇಳುತ್ತಾರೆ, ಮಕ್ಕಳಿಗೆ ಸವಾರಿ ಕಲಿಸುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಪ್ರತಿನಿಧಿಯನ್ನು ಆರಿಸುವುದು ಸಂಘದ ಕೈಯಲ್ಲಿದೆ, ಆ ಹೆಸರನ್ನು ಒಪ್ಪುವುದು ಮೇಲಿನ ಸಂಸ್ಥೆಯ ಕೈಯಲ್ಲಿದೆ. ವ್ಯಕ್ತಿ ಯೋಗ್ಯನಲ್ಲವೆಂದು ಬಿದ್ದುಹೋಗುವ ಹೆಸರುಗಳಿಗಿಂತ, ಅವರನ್ನು ಆರಿಸಿದ ರೀತಿಗೆ ಕಾಗದದ ಆಧಾರವಿಲ್ಲವೆಂದು ಬಿದ್ದುಹೋಗುವ ಹೆಸರುಗಳೇ ಹೆಚ್ಚೆಂಬುದು ನಾನು ಕಂಡ ಮಾತು. ಆದ್ದರಿಂದ ಈ ಲೇಖನದಲ್ಲಿ ‘ಯಾರು’ ಎಂಬುದಕ್ಕಿಂತ ‘ಹೇಗೆ’ ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮುಂದೆ ಬರುವ ಕೆಲವು ಪದಗಳ ಅರ್ಥ ಹೀಗಿದೆ. ಒಂದು ನಿರ್ದಿಷ್ಟ ತಳಿಯ ಕುದುರೆಗಳನ್ನು ಸಾಕುವವರೂ ಮರಿ ಮಾಡಿಸುವವರೂ ಸೇರಿ ಕಟ್ಟಿಕೊಂಡ ಸಂಸ್ಥೆ ತಳಿ ಸಂಘ. ಆ ತಳಿಯ ಪ್ರತಿ ಕುದುರೆಯ ತಂದೆ, ತಾಯಿ, ಹುಟ್ಟಿದ ದಿನ, ಬಣ್ಣ, ಗುರುತುಗಳನ್ನು ಬರೆದಿಡುವ ವಂಶಾವಳಿ ಪುಸ್ತಕವನ್ನು ಸ್ಟಡ್ ಬುಕ್ ಎನ್ನುತ್ತಾರೆ. ಒಂದು ಸಂಸ್ಥೆಯು ಇನ್ನೊಂದು ಸಂಸ್ಥೆಯ ಸಮಿತಿಗೆ ಹೆಸರು ಸೂಚಿಸುವುದು ನಾಮನಿರ್ದೇಶನ. ಆ ಹೆಸರನ್ನು ಒಪ್ಪಿ ಸ್ಥಾನ ಕೊಡುವುದು ನೇಮಕ. ಈ ಕೊನೆಯ ಎರಡನ್ನು ಒಂದೇ ಎಂದು ತಿಳಿದು, ಹೆಸರು ಕಳಿಸಿದ ಮರುದಿನವೇ ಫ್ಲೆಕ್ಸ್ ಹಾಕಿಸುವವರಿದ್ದಾರೆ. ನೇಮಕದ ಪತ್ರ ಕೈಸೇರುವ ತನಕ ತಡೆದುಕೊಳ್ಳಿ.

1. ಯಾವ ಬಾಗಿಲು ತಟ್ಟಬೇಕೆಂಬುದನ್ನು ನಿರ್ಧರಿಸಿ

ಕುದುರೆಗೆ ಸಂಬಂಧಿಸಿದ ರಾಷ್ಟ್ರೀಯ ಸಂಸ್ಥೆ ಒಂದೇ ಇಲ್ಲ, ಕನಿಷ್ಠ ನಾಲ್ಕು ಬಾಗಿಲುಗಳಿವೆ, ಮತ್ತು ಒಂದರ ಕೆಲಸ ಇನ್ನೊಂದರಲ್ಲಿ ಆಗುವುದಿಲ್ಲ.

ಸವಾರಿ ಕ್ರೀಡೆಗಳ ಬಾಗಿಲು ಭಾರತೀಯ ಅಶ್ವಾರೋಹಣ ಫೆಡರೇಷನ್. ಬೇಲಿ ಜಿಗಿತವಾದ ಶೋ ಜಂಪಿಂಗ್, ಕುದುರೆ ಮತ್ತು ಸವಾರನ ಹೊಂದಾಣಿಕೆಯನ್ನು ಅಳೆಯುವ ಡ್ರೆಸಾಜ್, ಮೂರು ಬಗೆಯ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಈವೆಂಟಿಂಗ್, ದೂರದ ಓಟವಾದ ಎಂಡ್ಯೂರೆನ್ಸ್, ನೆಲದಲ್ಲಿ ನೆಟ್ಟ ಗೂಟವನ್ನು ಈಟಿಯಿಂದ ಎತ್ತುವ ಟೆಂಟ್ ಪೆಗ್ಗಿಂಗ್ ಇವೆಲ್ಲ ಅದರ ಕಕ್ಷೆಯಲ್ಲಿವೆ. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ, 1921ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಅಶ್ವಾರೋಹಣ ಫೆಡರೇಷನ್ ಭಾರತದ ಮಟ್ಟಿಗೆ ಮಾನ್ಯತೆ ಕೊಟ್ಟಿರುವುದು ಇದಕ್ಕೇ.

ತಳಿಯ ಮಾನ್ಯತೆಯ ಬಾಗಿಲು ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ. ಮಾರ್ವಾರಿ, ಕಾಠಿಯಾವಾಡಿ, ಮಣಿಪುರಿ, ಭುಟಿಯಾ, ಸ್ಪಿತಿ, ಝನ್ಸ್‌ಕಾರಿ, ಕಛ್ಛಿ-ಸಿಂಧಿ ಹಾಗೂ ಮಹಾರಾಷ್ಟ್ರದ ಭೀಮಥಡಿ ಇಲ್ಲಿ ನೋಂದಣಿಯಾಗಿರುವ ದೇಶಿ ಕುದುರೆ ಮತ್ತು ತಟ್ಟು ತಳಿಗಳು. ರೋಗ ಪರೀಕ್ಷೆ ಮತ್ತು ಸಂಶೋಧನೆಯ ಬಾಗಿಲು ಹರಿಯಾಣದ ಹಿಸ್ಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಜೂಜಿನ ಕುದುರೆಯ, ಅಂದರೆ ಥರೋಬ್ರೆಡ್ ರೇಸ್ ಕುದುರೆಯ ಲೋಕವೇ ಬೇರೆ. ಅದರ ಸ್ಟಡ್ ಬುಕ್, ಅದರ ಟರ್ಫ್ ಕ್ಲಬ್ಬುಗಳು, ಅದರ ನಿಯಮಗಳು ಯಾವುವೂ ದೇಶಿ ತಳಿ ಸಂಘಕ್ಕೆ ಸಂಬಂಧಿಸಿದವಲ್ಲ. ಬೆಂಗಳೂರಿನ ರೇಸ್‌ಕೋರ್ಸಿಗೆ ಪತ್ರ ಬರೆದು ಉತ್ತರಕ್ಕಾಗಿ ಕಾಯುವುದು ಕಾಲಹರಣ.

ಇಲ್ಲಿ ಎಡವುವ ಜಾಗ ಒಂದಿದೆ. ಮೇಲಿನ ಪಟ್ಟಿಯಲ್ಲಿ ಕರ್ನಾಟಕವನ್ನು ತವರಾಗಿ ಹೊಂದಿದ ಕುದುರೆ ತಳಿ ಇಲ್ಲ. ಅಮೃತಮಹಲ್ ದನದ ಕಾವಲುಗಳನ್ನು ಕಂಡು ಬೆಳೆದ ಚಳ್ಳಕೆರೆ ಸೀಮೆಯವರಿಗೆ ‘ನಮ್ಮ ತಳಿ’ ಎಂಬ ಮಾತು ಸಲೀಸಾಗಿ ಬರುತ್ತದೆ, ಆದರೆ ಕುದುರೆಯ ವಿಷಯದಲ್ಲಿ ನಮ್ಮ ಜಿಲ್ಲೆಗಳ ಸಂಘ ಎಂದರೆ ಬೇರೆಡೆಯ ತಳಿಯನ್ನು ಇಲ್ಲಿ ಸಾಕುವವರ ಸಂಘ. ಹಾಗಾಗಿ ತಳಿಯ ಲಕ್ಷಣ, ಸ್ಟಡ್ ಬುಕ್, ತಳಿ ಪ್ರದರ್ಶನದ ತೀರ್ಪುಗಾರಿಕೆ ಇಂಥ ವಿಷಯಗಳಲ್ಲಿ ನಿಮ್ಮ ಹೆಸರು ತವರು ಪ್ರದೇಶದ ಮಾತೃಸಂಘದ ಮೂಲಕವೇ ಮೇಲೆ ಹೋಗಬೇಕು. ಮೊದಲು ಅಲ್ಲಿ ಶಾಖೆಯಾಗಿಯೋ ಸಂಯೋಜಿತ ಸದಸ್ಯರಾಗಿಯೋ ಸೇರಿರಿ. ಕ್ರೀಡೆಯ ವಿಷಯವಾದರೆ ದಾರಿ ರಾಜ್ಯದೊಳಗಿನ ಸವಾರಿ ಕ್ಲಬ್ಬು ಅಥವಾ ರಾಜ್ಯ ಸಂಘದ ಮೂಲಕ.

2. ಹೊರದೇಶದ ಪದ್ಧತಿಯನ್ನು ತಿಳಿಯಿರಿ, ಆದರೆ ಇಲ್ಲಿಯದೆಂದು ಭಾವಿಸಬೇಡಿ

ತಳಿ ಸಂಘಗಳೇ ರಾಷ್ಟ್ರೀಯ ಅಶ್ವಾರೋಹಣ ಸಮಿತಿಗಳಿಗೆ ಸದಸ್ಯರನ್ನು ಕಳಿಸುವ ಪದ್ಧತಿ ಹೆಚ್ಚು ವ್ಯವಸ್ಥಿತವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿರುವ ಅಲ್ಲಿಯ ರಾಷ್ಟ್ರೀಯ ಫೆಡರೇಷನ್ ಅರೇಬಿಯನ್, ಮಾರ್ಗನ್, ಸ್ಯಾಡಲ್‌ಬ್ರೆಡ್, ಫ್ರೀಸಿಯನ್, ಹ್ಯಾಕ್ನಿ, ವೆಲ್ಷ್ ಮುಂತಾದ ತಳಿಗಳ ಸಂಘಗಳನ್ನು ಸಂಯೋಜಿತ ಸಂಸ್ಥೆಗಳೆಂದು ಮಾನ್ಯ ಮಾಡುತ್ತದೆ ಮತ್ತು ತಳಿವಾರು ಸಮಿತಿಗಳನ್ನು ಇಟ್ಟುಕೊಂಡಿದೆ. ಪ್ರದರ್ಶನದ ವರ್ಗಗಳು ಯಾವುವು, ನಿಯಮದಲ್ಲಿ ಯಾವ ತಿದ್ದುಪಡಿ ಬೇಕು, ತೀರ್ಪುಗಾರರಿಗೆ ಯಾವ ಅರ್ಹತೆ ಇರಬೇಕು ಎಂಬ ವಿಷಯಗಳಲ್ಲಿ ಈ ಸಮಿತಿಗಳು ಶಿಫಾರಸು ಮಾಡುತ್ತವೆ. ತಳಿ ಸಂಘ ತನ್ನ ಸದಸ್ಯರಲ್ಲಿ ಆಸಕ್ತರಿಂದ ಅರ್ಜಿ ಕರೆಯುತ್ತದೆ, ಆಡಳಿತ ಮಂಡಳಿ ಅವನ್ನು ಜರಡಿ ಹಿಡಿದು ಹೆಸರುಗಳನ್ನು ಕಳಿಸುತ್ತದೆ, ಫೆಡರೇಷನ್ ಅವುಗಳಿಂದ ನೇಮಕ ಮಾಡುತ್ತದೆ. ಸಂಘ ಕಳಿಸಿದ ಮಾತ್ರಕ್ಕೆ ಸ್ಥಾನ ಸಿಕ್ಕಂತಲ್ಲ.

ಆ ಪದ್ಧತಿಯಲ್ಲಿ ನಾವು ಎರವಲು ಪಡೆಯಬೇಕಾದ ಅಂಶಗಳು ಎರಡು. ಮೊದಲನೆಯದು, ಸ್ಪರ್ಧಿಗಳ ಪಾಲು. ಒಲಿಂಪಿಕ್ ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿಯೂ ಮುಖ್ಯ ಸಮಿತಿಗಳಲ್ಲಿಯೂ ಸ್ಪರ್ಧಾಳುಗಳು ಮೂರನೇ ಒಂದರಷ್ಟಿರಬೇಕೆಂದು ಅಲ್ಲಿ 2020ರ ಕಾನೂನು ಹೇಳುತ್ತದೆ. ಅದಕ್ಕೆ ಮುಂಚೆ ಈ ಪಾಲು ಶೇ 20ರಷ್ಟಿತ್ತು. ಕುದುರೆಯ ಒಡೆಯರೇ ತುಂಬಿಕೊಂಡು ಸವಾರರ ಮಾತು ಕೇಳದೆ ಹೋಗುವುದನ್ನು ಇದು ತಡೆಯುತ್ತದೆ. ಎರಡನೆಯದು, ಹಿತಾಸಕ್ತಿ ಘೋಷಣೆ. ಅದನ್ನು ಐದನೇ ಹಂತದಲ್ಲಿ ವಿವರಿಸಿದ್ದೇನೆ.

3. ನಮ್ಮ ದೇಶದ ಕಾನೂನಿನ ಚೌಕಟ್ಟು

ನಮ್ಮ ಕ್ರೀಡಾ ಫೆಡರೇಷನ್ನುಗಳ ಚುನಾವಣೆಗಳನ್ನು ಬಹುಕಾಲ ರೂಪಿಸಿದ್ದು 2011ರ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ಸಂಹಿತೆ. ಪದಾಧಿಕಾರಿಗಳಿಗೆ 70 ವರ್ಷದ ವಯೋಮಿತಿ, ಅವಧಿಗಳ ಮಿತಿ, ಮತದಾನದಲ್ಲಿ ರಾಜ್ಯ ಘಟಕಗಳಿಗೆ ಪ್ರಾಧಾನ್ಯ ಇವು ಅದರ ತಿರುಳು. ಅಶ್ವಾರೋಹಣದಲ್ಲಿ ಮಾತ್ರ ಹಿಂದಿನಿಂದಲೂ ಕ್ಲಬ್ಬುಗಳು ಮತ್ತು ಬಿಡಿ ಸದಸ್ಯರ ಪಾತ್ರ ದೊಡ್ಡದಾಗಿದ್ದುದರಿಂದ, ಮತ ಹಾಕುವವರು ಕ್ಲಬ್ಬುಗಳೋ ರಾಜ್ಯ ಸಂಘಗಳೋ ಎಂಬ ತಕರಾರು ದೆಹಲಿ ಹೈಕೋರ್ಟಿನವರೆಗೆ ಹೋಯಿತು. ಇದರ ನಡುವೆ ಸಂಸತ್ತು 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ರಾಷ್ಟ್ರೀಯ ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿ, ಚುನಾವಣೆಗೆಂದೇ ಒಂದು ಸಮಿತಿ ಅದರಲ್ಲಿವೆ. ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕಾರ್ಯಕಾರಿ ಸಮಿತಿ 15 ಜನರನ್ನು ಮೀರಬಾರದು, ಅದರಲ್ಲಿ ಹಿರಿಯ ಸಾಧಕ ಕ್ರೀಡಾಪಟುಗಳಿಗೂ ಮಹಿಳೆಯರಿಗೂ ಸ್ಥಾನ ಇರಲೇಬೇಕು.

ಇದರಿಂದ ನಿಮಗೆ ತಿಳಿಯಬೇಕಾದದ್ದು ಇಷ್ಟು: ತಳಿ ಸಂಘ ಎಂಬ ಕಾರಣಕ್ಕೆ ಕಾರ್ಯಕಾರಿ ಸಮಿತಿಯಲ್ಲಿ ಸ್ಥಾನ ತಾನಾಗಿ ಸಿಗುವುದಿಲ್ಲ. ಕಾರ್ಯಕಾರಿ ಸಮಿತಿ ಚುನಾವಣೆಯ ವಿಷಯ. ತಾಂತ್ರಿಕ ಸಮಿತಿ, ತಳಿ ಸಮಿತಿ, ಪ್ರದರ್ಶನ ಸಮಿತಿ, ಪಶುವೈದ್ಯ ಸಮಿತಿ ಇವು ನಾಮನಿರ್ದೇಶನದ ವಿಷಯ. ಜಿಲ್ಲೆಯ ಸಂಘವೊಂದು ಕಣ್ಣಿಡಬೇಕಾದದ್ದು ಎರಡನೆಯ ಗುಂಪಿನ ಮೇಲೆ, ಅದರಲ್ಲಿಯೂ ಮಾತೃಸಂಘದ ಪ್ರದರ್ಶನ ಸಮಿತಿ, ನೋಂದಣಿ ಸಮಿತಿಗಳ ಮೇಲೆ. ಮಾತೃಸಂಘದ ಸಮಿತಿಯಲ್ಲಿ ಒಂದು ಅವಧಿ ದುಡಿದವರ ಹೆಸರು ಮುಂದೆ ತಾನಾಗಿ ಮೇಲೇರುತ್ತದೆ. ನೇರವಾಗಿ ದೆಹಲಿಗೆ ಜಿಗಿಯಲು ಹೋಗಬೇಡಿ.

4. ಸಂಘದ ಮನೆಯ ಲೆಕ್ಕ ಸರಿಮಾಡಿಕೊಳ್ಳಿ

ಕೆಲಸದ ಮುಕ್ಕಾಲು ಪಾಲು ಇಲ್ಲಿದೆ, ಸಂಘಗಳು ತಾತ್ಸಾರ ಮಾಡುವುದೂ ಇಲ್ಲಿಯೇ.

ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾಗಿದೆಯೇ ಎಂಬುದನ್ನು ಮೊದಲು ನೋಡಿ. ಕನಿಷ್ಠ ಏಳು ಜನ ವಯಸ್ಕ ಸದಸ್ಯರು, ಉದ್ದೇಶಪತ್ರ ಮತ್ತು ನಿಯಮಗಳು, ಅಂದರೆ ಬೈಲಾ, ಇದ್ದರೆ ಸಂಘ ನೋಂದಾಯಿಸಬಹುದು. ನೋಂದಣಾಧಿಕಾರಿಯ ಕಚೇರಿ ಜಿಲ್ಲಾ ಕೇಂದ್ರದಲ್ಲಿ ಸಹಕಾರ ಇಲಾಖೆಯ ಜೊತೆಯಲ್ಲೇ ಇರುತ್ತದೆ. ಈ ಕಾರಣಕ್ಕೆ ಹಲವರು ಎರಡು ಕಾಯ್ದೆಗಳನ್ನು ಬೆರೆಸಿಬಿಡುತ್ತಾರೆ. ಊರಿನ ಹಾಲು ಉತ್ಪಾದಕರ ಸಂಘ 1959ರ ಸಹಕಾರ ಸಂಘಗಳ ಕಾಯ್ದೆಯಡಿ ಬರುತ್ತದೆ. ಅದರ ಚುನಾವಣೆಯನ್ನು ಸಹಕಾರ ಚುನಾವಣಾ ಪ್ರಾಧಿಕಾರ ನಡೆಸುತ್ತದೆ, ಅಲ್ಲಿಂದ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟಕ್ಕೆ ಪ್ರತಿನಿಧಿ ಹೋಗುವ ಕ್ರಮವೂ ಕಾನೂನಿನಲ್ಲೇ ಇದೆ. ತಳಿ ಸಂಘಕ್ಕೆ ಅಂಥ ಹೊರಗಿನ ಚುನಾವಣಾಧಿಕಾರಿ ಇಲ್ಲ, ನಿಮ್ಮ ಬೈಲಾವೇ ನಿಮ್ಮ ಕಾನೂನು. ಪ್ರತಿನಿಧಿಯನ್ನು ಯಾರು ಆರಿಸಬೇಕು, ಸರ್ವಸದಸ್ಯರ ಸಭೆಯೋ ಆಡಳಿತ ಮಂಡಳಿಯೋ ಎಂಬುದು ಬೈಲಾದಲ್ಲಿ ಇಲ್ಲದಿದ್ದರೆ ಮೊದಲು ಬೈಲಾ ತಿದ್ದಬೇಕು. ಸಭೆಯಲ್ಲಿ ಕೈ ಎತ್ತಿ ಒಪ್ಪಿದರೆ ತಿದ್ದುಪಡಿ ಊರ್ಜಿತವಾಯಿತೆಂದು ಭಾವಿಸಬೇಡಿ, ಅದನ್ನು ನೋಂದಣಾಧಿಕಾರಿಯಲ್ಲಿ ದಾಖಲಿಸಬೇಕು.

ಎರಡನೆಯದಾಗಿ ವಾರ್ಷಿಕ ಸಲ್ಲಿಕೆ. ವಾರ್ಷಿಕ ಸರ್ವಸದಸ್ಯರ ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಸದಸ್ಯರ ಪಟ್ಟಿಯನ್ನು ಕಾಯ್ದೆಯ 13ನೇ ಕಲಮಿನ ಪ್ರಕಾರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಲೆಕ್ಕಪರಿಶೋಧಕರು ಸಹಿ ಮಾಡಿದ ಆಯವ್ಯಯ ಪಟ್ಟಿಯೂ ಜೊತೆಯಲ್ಲಿರಬೇಕು. ಕೆಲವು ವರ್ಷ ಸಲ್ಲಿಸದೆ ಬಿಟ್ಟಿದ್ದರೆ ದಂಡ ಕಟ್ಟಿ ಬಾಕಿಯೆಲ್ಲ ತೀರಿಸಿಯೇ ಮುಂದುವರಿಯಿರಿ. ಮೇಲಿನ ಸಂಸ್ಥೆ ಕೇಳುವ ಮೊದಲ ದಾಖಲೆ ಇದೇ, ಏಕೆಂದರೆ ಅಧ್ಯಕ್ಷರೆಂದು ಸಹಿ ಹಾಕಿದವರು ನಿಜಕ್ಕೂ ಅಧ್ಯಕ್ಷರೇ ಎಂಬುದನ್ನು ಅವರು ತಿಳಿಯುವುದು ಈ ಪಟ್ಟಿಯಿಂದ.

ಮೂರನೆಯದು ಸದಸ್ಯತ್ವ ಪುಸ್ತಕ. ಹೆಸರು, ವಿಳಾಸ, ಸೇರಿದ ದಿನಾಂಕ, ವಂತಿಗೆ ಕಟ್ಟಿದ ರಸೀದಿ ಸಂಖ್ಯೆ, ಕುದುರೆಯ ನೋಂದಣಿ ಸಂಖ್ಯೆ ಇಷ್ಟು ಅಂಕಣಗಳಿರಲಿ. ವಂತಿಗೆ ಬಾಕಿ ಇರುವವರಿಗೆ ಮತವಿದೆಯೇ ಇಲ್ಲವೇ ಎಂಬುದನ್ನು ಬೈಲಾ ನೋಡಿ ನಿರ್ಧರಿಸಿ, ಮತದಾರರ ಪಟ್ಟಿಯನ್ನು ಸಭೆಯ ನೋಟಿಸಿಗಿಂತ ಮೊದಲೇ ಅಂತಿಮಗೊಳಿಸಿ. ಸಭೆಯ ದಿನ ಬಾಗಿಲಲ್ಲಿ ವಂತಿಗೆ ಕಟ್ಟಿಸಿಕೊಂಡು ಒಳಬಿಡುವುದು ನಮ್ಮ ಕಡೆ ಧಾರಾಳವಾಗಿ ನಡೆಯುವ ರೂಢಿ, ಮತ್ತು ಆಮೇಲೆ ಬರುವ ತಕರಾರುಗಳಲ್ಲಿ ಬಹುಪಾಲಿನ ಮೂಲವೂ ಅದೇ.

5. ಅಭ್ಯರ್ಥಿಯಲ್ಲಿ ಏನು ನೋಡಬೇಕು

ಹೆಚ್ಚು ಕುದುರೆ ಇರುವವರನ್ನೇ ಕಳಿಸುವ ರೂಢಿಯನ್ನು ಬಿಡಿ ಎಂಬುದು ನನ್ನ ಸಲಹೆ. ಸಮಿತಿಯ ಕೆಲಸಕ್ಕೂ ಲಾಯದ ಗಾತ್ರಕ್ಕೂ ಸಂಬಂಧವಿಲ್ಲ. ನೋಂದಣಿ ಸಮಿತಿಗೆ ಹೋಗುವವರು ದಾಖಲೆ ಓದಬಲ್ಲವರಾಗಿರಬೇಕು, ಪ್ರದರ್ಶನ ಸಮಿತಿಗೆ ಹೋಗುವವರು ಕುದುರೆಯನ್ನು ಅಂಗಾಂಗವಾಗಿ ನೋಡಿ ಕಾರಣ ಹೇಳಬಲ್ಲವರಾಗಿರಬೇಕು, ಪಶುವೈದ್ಯ ಸಮಿತಿಗೆ ಪಶುವೈದ್ಯರೇ ಹೋಗಬೇಕು. ಮೂವರಿಗೂ ಸಾಮಾನ್ಯವಾಗಿ ಬೇಕಾದದ್ದು ಸಮಯ. ದೂರದ ಊರಿನ ಸಭೆಗೆ ರೈಲಿನಲ್ಲಿ ಹೋಗಿಬರುವ ಪುರಸೊತ್ತು ಇಲ್ಲದವರು ಸಭ್ಯವಾಗಿ ಹಿಂದೆ ಸರಿಯಲಿ. ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡಾವಳಿ ಓದಿ ಅರ್ಥ ಮಾಡಿಕೊಳ್ಳುವಷ್ಟು ಭಾಷೆಯೂ ಬೇಕು. ಮಾತಿನ ಚಾತುರ್ಯ ಇಲ್ಲದಿದ್ದರೂ ನಡೆಯುತ್ತದೆ.

ದಾಖಲೆ ಓದುವುದು ಎಂದರೇನೆಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕುದುರೆಯ ಗುರುತಿನ ಪುಸ್ತಕದಲ್ಲಿ ಒಂದು ರೇಖಾಚಿತ್ರ ಇರುತ್ತದೆ: ಎಡಮೈ, ಬಲಮೈ, ಮುಖ, ಕಾಲುಗಳನ್ನು ಹಿಂದಿನಿಂದ ಕಂಡಂತೆ ಬರಿಯ ಗೆರೆಯಲ್ಲಿ ಬರೆದಿರುತ್ತಾರೆ. ಬಿಳಿ ಮಚ್ಚೆಗಳನ್ನು ಅದರ ಮೇಲೆ ಕೆಂಪು ಶಾಯಿಯಲ್ಲಿ ತೋರಿಸುತ್ತಾರೆ, ಕೂದಲಿನ ಸುಳಿಗಳನ್ನು ಪುಟ್ಟ ಗುಣಾಕಾರ ಚಿಹ್ನೆಯಿಂದ ಗುರುತಿಸುತ್ತಾರೆ. ಸುಳಿ ನೋಡದೆ ಎತ್ತನ್ನಾಗಲಿ ಕುದುರೆಯನ್ನಾಗಲಿ ಕೊಳ್ಳದ ನಮ್ಮವರಿಗೆ ಇದು ಹೊಸದಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಸುಳಿಗೆ ಶುಭಾಶುಭದ ಲೆಕ್ಕವಿಲ್ಲ, ಒಂದು ಕುದುರೆಯನ್ನು ಅದರಂತೆಯೇ ಕಾಣುವ ಇನ್ನೊಂದರಿಂದ ಬೇರ್ಪಡಿಸುವ ಲೆಕ್ಕ ಮಾತ್ರ. ಮೈತುಂಬ ಒಂದೇ ಬಣ್ಣವಿದ್ದು ಮಚ್ಚೆಯೇ ಇಲ್ಲದ ಕುದುರೆಗೆ ಸುಳಿಯೇ ಮುಖ್ಯ ಸಾಕ್ಷಿ. ಇದರ ಜೊತೆಗೆ ಎಡಗತ್ತಿನಲ್ಲಿ, ಜೂಲಿನ ಬುಡದ ಕೆಳಗೆ ಚುಚ್ಚಿ ಇಟ್ಟ ಮೈಕ್ರೋಚಿಪ್ಪಿನ 15 ಅಂಕಿಯ ಸಂಖ್ಯೆ ಇರುತ್ತದೆ. ಓದುವ ಯಂತ್ರವನ್ನು ಕುತ್ತಿಗೆಯ ಹತ್ತಿರ ಹಿಡಿದಾಗ ಬರುವ ಸಂಖ್ಯೆ, ಪುಸ್ತಕದಲ್ಲಿ ಬರೆದ ಸಂಖ್ಯೆ, ಚಿತ್ರದಲ್ಲಿನ ಸುಳಿ ಮೂರೂ ತಾಳೆಯಾಗಬೇಕು. ಸುಳಿಯ ಗುರುತು ಹಣೆಯಲ್ಲಿ ಕಣ್ಣಿನ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ಗಮನಿಸಿ, ತಪ್ಪಿದ್ದರೆ ಎದ್ದು ಹೇಳುವವರು ನೋಂದಣಿ ಸಮಿತಿಗೆ ತಕ್ಕವರು.

ಅಭ್ಯರ್ಥಿಯ ಸ್ವಂತ ಕುದುರೆಗಳ ಕಾಗದ ಪತ್ರ ಮೊದಲು ಸರಿಯಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿಯೂ ಅದರಲ್ಲಿ ಸೇರುತ್ತದೆ. ಕುದುರೆಯಿಂದ ಮನುಷ್ಯರಿಗೂ ಅಂಟಬಲ್ಲ ಈ ರೋಗವನ್ನು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಡಿ ಕಂಡುಬಂದ ಕೂಡಲೇ ವರದಿ ಮಾಡಲೇಬೇಕು. ಮಾದರಿಯನ್ನು ಪಶುಪಾಲನಾ ಇಲಾಖೆಯ ಮೂಲಕ ಕಳಿಸಬೇಕು, ಖಾಸಗಿಯಾಗಿ ಹಿಸ್ಸಾರ್‌ಗೆ ಪಾರ್ಸಲ್ ಮಾಡಲು ಹೋಗಬಾರದು.

ಇನ್ನು ಹಿತಾಸಕ್ತಿ ಸಂಘರ್ಷ. ಸಮಿತಿಯಲ್ಲಿ ಕುಳಿತು ತೀರ್ಮಾನಿಸುವ ವಿಷಯದಿಂದ ಸದಸ್ಯನಿಗೇ ಲಾಭವಾಗುವ ಪರಿಸ್ಥಿತಿಗೆ ಈ ಹೆಸರು. ಕುದುರೆ ವ್ಯಾಪಾರ ಮಾಡುವವರು ತಾವು ಮಾರಿದ ಕುದುರೆಗೆ ಅಂಕ ಕೊಡುವ ತೀರ್ಪುಗಾರರನ್ನು ನೇಮಿಸುವ ಸಮಿತಿಯಲ್ಲಿರುವುದು, ಬೀಜದ ಗಂಡು ಕುದುರೆ ಇಟ್ಟುಕೊಂಡವರು ಅದರ ಮರಿಗಳನ್ನು ನೋಂದಾಯಿಸುವ ಸಮಿತಿಯಲ್ಲಿರುವುದು ಇದಕ್ಕೆ ಉದಾಹರಣೆಗಳು. ಹಾಗೆಂದು ವ್ಯಾಪಾರಿಗಳನ್ನೂ ಮರಿ ಮಾಡಿಸುವವರನ್ನೂ ಪೂರ್ತಿ ಹೊರಗಿಟ್ಟರೆ ಕುದುರೆ ಬಲ್ಲವರೇ ಉಳಿಯುವುದಿಲ್ಲ. ಆದ್ದರಿಂದ ಯಾವ ಯಾವ ವ್ಯವಹಾರವಿದೆ ಎಂಬುದನ್ನು ಮೊದಲೇ ಬರೆದುಕೊಡಬೇಕು, ಆ ವಿಷಯ ಬಂದಾಗ ಸಭೆಯಿಂದ ಎದ್ದು ಹೊರಗೆ ಕುಳಿತುಕೊಳ್ಳುವುದಾಗಿ ಒಪ್ಪಬೇಕು. ಈ ಘೋಷಣೆಗೆ ಸಹಿ ಹಾಕಲು ಹಿಂಜರಿಯುವವರನ್ನು ಪಟ್ಟಿಯಿಂದ ಕೈಬಿಡುವುದರಲ್ಲಿ ತಪ್ಪಿಲ್ಲ.

6. ಸಭೆ ಕರೆದು ಆರಿಸಿ

ನೋಟಿಸನ್ನು ಬೈಲಾದಲ್ಲಿ ಹೇಳಿದಷ್ಟು ದಿನ ಮುಂಚೆ, ಸಾಮಾನ್ಯವಾಗಿ 21 ದಿನ ಮುಂಚೆ, ಲಿಖಿತವಾಗಿ ಕೊಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದನ್ನು ಹೆಚ್ಚುವರಿ ತಿಳಿವಳಿಕೆ ಎಂದು ಇಟ್ಟುಕೊಳ್ಳಿ. ಬೈಲಾದಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ ಅದೊಂದೇ ಸಾಲದು. ವಿಷಯಪಟ್ಟಿಯಲ್ಲಿ ‘ಪ್ರತಿನಿಧಿಯ ನಾಮನಿರ್ದೇಶನ’ ಎಂಬುದು ಪ್ರತ್ಯೇಕ ಬಾಬಾಗಿ, ಯಾವ ಸಂಸ್ಥೆಯ ಯಾವ ಸಮಿತಿಗೆ ಎಂಬ ವಿವರದೊಂದಿಗೆ ಇರಬೇಕು. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಕೊನೆಯ ಬಾಬಿನಲ್ಲಿ ಇದನ್ನು ತುರುಕಿದರೆ, ಗೈರುಹಾಜರಾದ ಒಬ್ಬ ಸದಸ್ಯ ತಕರಾರು ಎತ್ತಿದರೂ ಇಡೀ ಆಯ್ಕೆ ಬೀಳುತ್ತದೆ.

ಸಭೆಯ ದಿನ ಮೊದಲು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ಇದೆಯೇ ಎಂದು ಹಾಜರಿ ಪುಸ್ತಕದ ಸಹಿಗಳಿಂದ ಎಣಿಸಿ. ಸ್ಪರ್ಧಿಸುವವರು ಅಧ್ಯಕ್ಷರೇ ಆಗಿದ್ದರೆ ಆ ಬಾಬಿನ ಮಟ್ಟಿಗೆ ಬೇರೊಬ್ಬರು ಪೀಠದಲ್ಲಿ ಕೂರಲಿ. ಪ್ರತಿ ಹೆಸರಿಗೂ ಸೂಚಕರು ಒಬ್ಬರು, ಅನುಮೋದಕರು ಒಬ್ಬರು ಬೇಕು. ಒಂದೇ ಹೆಸರು ಬಂದರೆ ಅವಿರೋಧ. ಎರಡು ಬಂದರೆ ಚೀಟಿಯ ಮೂಲಕ ಗುಪ್ತ ಮತದಾನ ಮಾಡಿ. ನಮ್ಮಲ್ಲಿ ಹಿರಿಯರೊಬ್ಬರು ಎದ್ದು ‘ಇಬ್ಬರೂ ನಮ್ಮವರೇ, ಒಬ್ಬರು ಬಿಟ್ಟುಕೊಡಿ’ ಎಂದು ರಾಜಿ ಮಾಡಿಸುವುದುಂಟು. ಸಣ್ಣ ಸಂಘದ ಒಗ್ಗಟ್ಟಿನ ದೃಷ್ಟಿಯಿಂದ ಅದು ಕೆಟ್ಟದ್ದಲ್ಲ, ಆದರೆ ಹಿಂದೆ ಸರಿದವರಿಂದ ಲಿಖಿತವಾಗಿ ಬರೆಸಿಕೊಳ್ಳಿ. ಬಾಯಿಮಾತಿನ ರಾಜಿ ಮುಂದಿನ ಸಭೆಯ ತನಕ ಬಾಳುವುದಿಲ್ಲ.

ಠರಾವನ್ನು ಸಭೆ ಮುಗಿಯುವ ಮುನ್ನವೇ ನಡಾವಳಿ ಪುಸ್ತಕದಲ್ಲಿ ಬರೆದು ಓದಿ ಹೇಳಿ. ಮಾದರಿ ಹೀಗಿರಲಿ:

‘ವಿಷಯ 3: ಮಾತೃಸಂಘದ ನೋಂದಣಿ ಸಮಿತಿಗೆ ಪ್ರತಿನಿಧಿಯ ನಾಮನಿರ್ದೇಶನ. ಮತದಾನದ ಹಕ್ಕುಳ್ಳ ಸದಸ್ಯರಲ್ಲಿ ಇಂತಿಷ್ಟು ಮಂದಿ ಹಾಜರಿದ್ದು ಕೋರಂ ಇರುವುದನ್ನು ಸಭೆ ಖಚಿತಪಡಿಸಿಕೊಂಡಿತು. ಶ್ರೀ/ಶ್ರೀಮತಿ (ಹೆಸರು) ಅವರ ಹೆಸರನ್ನು (ಹೆಸರು) ಸೂಚಿಸಿದರು, (ಹೆಸರು) ಅನುಮೋದಿಸಿದರು. ಬೇರೆ ಹೆಸರು ಬಾರದ್ದರಿಂದ / ಗುಪ್ತ ಮತದಾನದಲ್ಲಿ ಇಂತಿಷ್ಟು ಮತ ಪಡೆದದ್ದರಿಂದ ಅವರನ್ನು ಪ್ರತಿನಿಧಿಯಾಗಿಯೂ, (ಹೆಸರು) ಅವರನ್ನು ಬದಲಿ ಪ್ರತಿನಿಧಿಯಾಗಿಯೂ (ದಿನಾಂಕ)ದವರೆಗೆ ನಾಮನಿರ್ದೇಶನ ಮಾಡಲು ಸಭೆ ತೀರ್ಮಾನಿಸಿತು. ಇಬ್ಬರ ಹಿತಾಸಕ್ತಿ ಘೋಷಣೆಯನ್ನೂ ಸಭೆಯ ಮುಂದೆ ಓದಲಾಯಿತು.’

ಕೊನೆಯ ವಾಕ್ಯವನ್ನು ಬಿಡಬೇಡಿ. ಅವಧಿ ಮುಗಿಯುವ ದಿನಾಂಕವನ್ನೂ ಬಿಡಬೇಡಿ. ಅದಿಲ್ಲದಿದ್ದರೆ ಒಮ್ಮೆ ಹೋದವರು ಬೇರೂರಿಬಿಡುತ್ತಾರೆ. ನಡಾವಳಿಯಲ್ಲಿ ಚಿತ್ತು ಕಾಟು ಇದ್ದರೆ ಪಕ್ಕದಲ್ಲಿ ಸಭಾಧ್ಯಕ್ಷರ ಚಿಕ್ಕ ಸಹಿ ಹಾಕಿಸಿ, ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಯಿರಿ.

7. ಹೆಸರು ಕಳಿಸುವುದು

ಲಕೋಟೆಯಲ್ಲಿ ಇರಬೇಕಾದವು: ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರೂ ಸಹಿ ಮಾಡಿದ ಮುಖಪತ್ರ, ಠರಾವಿನ ದೃಢೀಕೃತ ನಕಲು, ಸಂಘದ ನೋಂದಣಿ ಪತ್ರದ ನಕಲು, ಕೊನೆಯ ವಾರ್ಷಿಕ ಸಲ್ಲಿಕೆಯ ಸ್ವೀಕೃತಿ, ಪ್ರತಿನಿಧಿಯ ಒಪ್ಪಿಗೆ ಪತ್ರ, ಪರಿಚಯ ಮತ್ತು ಹಿತಾಸಕ್ತಿ ಘೋಷಣೆ. ಠರಾವು ಕನ್ನಡದಲ್ಲೇ ಇರಲಿ, ಜೊತೆಗೆ ಇಂಗ್ಲಿಷ್ ಅಥವಾ ಹಿಂದಿ ಅನುವಾದವನ್ನು ನೋಟರಿಯಿಂದ ದೃಢೀಕರಿಸಿ ಲಗತ್ತಿಸಿ. ಪರಿಚಯ ಒಂದು ಪುಟ ಮೀರದಿರಲಿ. ಸನ್ಮಾನಗಳ ಪಟ್ಟಿಯ ಬದಲು ಕುದುರೆಯ ಕೆಲಸದ ಪಟ್ಟಿ ಇರಲಿ: ಎಷ್ಟು ಮರಿಗಳ ನೋಂದಣಿ ಮಾಡಿಸಿದ್ದಾರೆ, ಯಾವ ಪ್ರದರ್ಶನದಲ್ಲಿ ಯಾವ ಹೊಣೆ ಹೊತ್ತಿದ್ದರು, ಯಾವ ತರಬೇತಿ ಪಡೆದಿದ್ದಾರೆ. ಸ್ಪೀಡ್ ಪೋಸ್ಟಿನಲ್ಲಿಯೂ ಇಮೇಲಿನಲ್ಲಿಯೂ ಕಳಿಸಿ, ಸ್ವೀಕೃತಿಯನ್ನು ಕಡತಕ್ಕೆ ಸೇರಿಸಿ. ರಾಜಕಾರಣಿಗಳ ಶಿಫಾರಸು ಪತ್ರ ಲಗತ್ತಿಸುವ ಅಭ್ಯಾಸ ಇದ್ದರೆ ಈ ಒಂದು ಕಡೆ ಅದನ್ನು ಬಿಡಿ. ಕ್ರೀಡಾ ಮತ್ತು ತಳಿ ಸಂಸ್ಥೆಗಳಲ್ಲಿ ಅದರಿಂದ ಅನುಕೂಲಕ್ಕಿಂತ ಅನುಮಾನವೇ ಹೆಚ್ಚು.

8. ನೇಮಕವಾದ ಮೇಲೆ

ನೇಮಕದ ಪತ್ರ ಬಂದರೆ ಅದರಲ್ಲಿ ಮೂರು ಅಂಶಗಳನ್ನು ಓದಿ: ಅವಧಿ ಎಷ್ಟು, ಮತವಿರುವ ಸ್ಥಾನವೋ ಆಹ್ವಾನಿತ ಸ್ಥಾನವೋ, ಪ್ರಯಾಣದ ಖರ್ಚು ಯಾರದ್ದು. ಬಹಳಷ್ಟು ಸಮಿತಿಗಳಲ್ಲಿ ಖರ್ಚು ಕಳಿಸಿದ ಸಂಘದ್ದೇ. ಎಷ್ಟು ಸಭೆಗೆ, ಯಾವ ದರ್ಜೆಯ ರೈಲಿಗೆ, ಎಷ್ಟು ಭತ್ಯೆ ಎಂಬುದನ್ನು ಆಡಳಿತ ಮಂಡಳಿ ಮೊದಲೇ ಠರಾವು ಮಾಡಿ ಖಜಾಂಚಿಗೆ ತಿಳಿಸಬೇಕು. ‘ಹೋಗಿ ಬನ್ನಿ, ಆಮೇಲೆ ನೋಡೋಣ’ ಎಂದು ಕಳಿಸಿದರೆ ಒಂದೋ ಪ್ರತಿನಿಧಿ ಕೈಯಿಂದ ಕಳೆದುಕೊಳ್ಳುತ್ತಾರೆ, ಇಲ್ಲವೇ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ.

ಪ್ರತಿನಿಧಿಯು ಪ್ರತಿ ಸಭೆಯ ನಂತರ ಒಂದು ಪುಟದ ಲಿಖಿತ ವರದಿಯನ್ನು ಕಾರ್ಯದರ್ಶಿಗೆ ಕೊಡಬೇಕು. ಸದಸ್ಯರಿಗೆ ನೇರವಾಗಿ ಉಪಯೋಗವಾಗುವ ಸುದ್ದಿ ಹೆಚ್ಚಾಗಿ ಈ ವರದಿಗಳಿಂದಲೇ ಸಿಗುತ್ತದೆ. ರಾಷ್ಟ್ರೀಯ ಜಾನುವಾರು ಮಿಷನ್ನಿಗೆ 2024ರಲ್ಲಿ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆಗಳನ್ನು ಸೇರಿಸಿ, ಅವುಗಳ ಸಾಕಣೆಯ ಉದ್ಯಮಕ್ಕೆ ಬಂಡವಾಳದ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನಕ್ಕೆ ಅವಕಾಶ ಮಾಡಿದ್ದು ಅಂಥ ಒಂದು ವಿಷಯ. ಸಮಿತಿ ಗೋಪ್ಯವೆಂದು ಹೇಳಿದ ಸಂಗತಿಗಳನ್ನು, ಅದರಲ್ಲಿಯೂ ಬೇರೆಯವರ ಕುದುರೆಯ ವಂಶದ ತಕರಾರುಗಳನ್ನು, ವರದಿಯಲ್ಲಿ ಬರೆಯಬಾರದು.

ಸತತವಾಗಿ ಸಭೆ ತಪ್ಪಿಸುವ ಪ್ರತಿನಿಧಿಯನ್ನು ಹಿಂದಕ್ಕೆ ಕರೆಯುವ ಅಧಿಕಾರ ಆರಿಸಿದ ಸಭೆಗೇ ಇರುತ್ತದೆ. ಮೊದಲು ಲಿಖಿತ ನೋಟಿಸ್ ಕೊಟ್ಟು ಸಮಜಾಯಿಷಿ ಕೇಳಿ, ಅದನ್ನು ಸಭೆಯ ಮುಂದಿಟ್ಟು, ಆರಿಸಿದ ಕ್ರಮದಲ್ಲೇ ಠರಾವು ಮಾಡಿ ಮೇಲಿನ ಸಂಸ್ಥೆಗೆ ತಿಳಿಸಬೇಕು. ಪ್ರತಿನಿಧಿ ತಾವಾಗಿ ರಾಜೀನಾಮೆ ಕೊಟ್ಟರೆ, ಮೊದಲ ಠರಾವಿನಲ್ಲಿಯೇ ಬದಲಿ ಪ್ರತಿನಿಧಿಯ ಹೆಸರಿದ್ದಲ್ಲಿ ಹೊಸ ಸಭೆ ಬೇಕಾಗುವುದಿಲ್ಲ. ರಾಜೀನಾಮೆ ಪತ್ರ ಮತ್ತು ಹಳೆಯ ಠರಾವಿನ ನಕಲನ್ನು ಒಟ್ಟಿಗೆ ಕಳಿಸಿ, ಉಳಿದ ಅವಧಿಗೆ ಬದಲಿಯವರನ್ನು ಪರಿಗಣಿಸಲು ಕೋರಿದರೆ ಸಾಕು.